ವೈನಿಯ ಎದೆಯೊಳಗಿನ ಬೂಷ್ಟು

ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತಾರೆ. ನನಗೆ ಒಂಬತ್ತು ತುಂಬುವ ಮೊದಲೇ ಅವ್ವ ತೀರಿಕೊಂಡಿದ್ದಳು. ಮರುವರ್ಷ ವೈನಿ ನಮ್ಮ ಮನೆಗೆ ಬಂದಳು. ಆಮೇಲೆ ನನ್ನ ತಲೆ ಬಾಚಿದವಳು, ಶಾಲೆಗೆ ರೊಟ್ಟಿ ಕಟ್ಟಿ ಕಳಿಸಿದವಳು, ನರ್ಸಿಂಗ್ ಕಲಿಯಲು ಗುಲ್ಬರ್ಗಾಕ್ಕೆ ಹೋಗುತ್ತೇನೆ ಎಂದಾಗ ಅಣ್ಣನ ಎದುರು ನಿಂತು ಜಗಳ ಮಾಡಿದವಳು ಅವಳೇ. ಕೂತಲ್ಲಿ ಕೂರದ ಹೆಂಗಸು. ಬಂದವರ ಜೊತೆ ಮಾತಾಡುತ್ತಲೇ ಜೋಳ ಹಸನು ಮಾಡುವಳು, ಉಣ್ಣುತ್ತ ಉಣ್ಣುತ್ತಲೇ ಎದ್ದು ಎಮ್ಮೆಯ ಹಗ್ಗ ಬಿಚ್ಚಿ ಬರುವಳು. ಆ ಚಡಪಡಿಕೆ ನನಗೂ ಅವಳಿಂದಲೇ ಬಂದಿರಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಅಣ್ಣ ಮತ್ತು ವೈನಿ ನಿಂಬರ್ಗಾದಲ್ಲಿ ತೊಗರಿ, ಜೋಳ ಬೆಳೆದುಕೊಂಡು ಇದ್ದರು. ನಾನು ಆಳಂದದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಎಂಟು ಹಾಸಿಗೆಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಆ ಬೇಸಿಗೆಯಲ್ಲಿ ವೈನಿಯ ತೋಳು, ತೊಡೆಗಳ ಮೇಲೆ ಎಲ್ಲಿಯೂ ತಾಗದಿದ್ದರೂ ನೀಲಿ ಕಲೆಗಳೆದ್ದವು. ಹಲ್ಲು ತಿಕ್ಕಿದರೆ ವಸಡಿನಿಂದ ರಕ್ತ ಬರುತ್ತಿತ್ತು. ನಮ್ಮ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಅಲ್ಲಿ ಹೇಳಿದ್ದು, ರಕ್ತದ ಕ್ಯಾನ್ಸರ್ ಎಂದು.

ಮೊದಲ ಸುತ್ತಿನ ಔಷಧಿಗೆ ಕೂದಲೆಲ್ಲ ಉದುರಿತು, ಆದರೆ ರೋಗ ಹಿಂದೆ ಸರಿಯಿತು. ಎರಡನೆಯ ಸುತ್ತು ಮುಗಿದಾಗ ವಾರ್ಡಿನಲ್ಲಿ ಹಾಸಿಗೆಗಳ ಕೊರತೆ. ಔಷಧಿಗೆ ಇಳಿದಿದ್ದ, ಸೋಂಕು ತಡೆಯುವ ಬಿಳಿ ರಕ್ತಕಣಗಳು ಇನ್ನೂ ಏರಿರಲಿಲ್ಲ. ಆದರೂ, ಮನೆಯಲ್ಲಿ ನರ್ಸ್ ಇದ್ದಾಳಲ್ಲ ಎಂದು ಹದಿನೈದು ದಿನಕ್ಕೆ ಕಳಿಸಿಕೊಟ್ಟರು. ಅಲ್ಲಿನ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು, ಬಹಳ ಬೇಗ ಬೇಗ ಹಿಂದಿಯಲ್ಲಿ ಮಾತಾಡುವವರು. ಹೊರಡುವಾಗ ನನ್ನೊಬ್ಬಳನ್ನೇ ಕರೆದು ಹೇಳಿದರು: ನೀರು ಕುದಿಸಿ, ಹಸಿ ತರಕಾರಿ ಬೇಡ, ಹೂವು ಬೇಡ, ಧೂಳು ಬೇಡ, ಜ್ವರ ಬಂದರೆ ಒಂದು ದಿನವೂ ಕಾಯಬೇಡ.

ವೈನಿ ತನ್ನ ನಿಂಬರ್ಗಾದ ಮನೆಗೇ ಹೋದಳು. ನಾನು ಇದೆಲ್ಲವನ್ನೂ ಅಣ್ಣನಿಗೆ ತಿಳಿಸಿ, ನೋಡಲು ಬರುವವರನ್ನು ಬಾಗಿಲಲ್ಲೇ ನಿಲ್ಲಿಸು ಎಂದೆ. ವೈನಿ ದಿನವೂ ಲಿಂಗಪೂಜೆ ಮಾಡುವವಳು. ಹೂವು, ಪತ್ರಿ ಬೇಡ ಎಂದಾಗ ಮುಖ ಸಣ್ಣದು ಮಾಡಿಕೊಂಡಳು. ಆಮೇಲೆ, "ನೀರ ಒಂದ ಇದ್ರ ಸಾಕ ಬಿಡು. ನಡೀತದ" ಅಂದಳು. ಅಷ್ಟೆಲ್ಲ ಯೋಚಿಸಿದ ನನಗೆ ಹಗೇವಿನ ನೆನಪೇ ಬರಲಿಲ್ಲ.

ಹಗೇವು ಎಂದರೆ ನೆಲದಡಿಯ ಕಣಜ. ಅಂಗಳದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿಬಿಡುತ್ತಾರೆ. ಆ ಹೊತ್ತಿಗೆ ಊರಲ್ಲಿ ಬಹಳ ಜನ ಅದನ್ನು ಬಿಟ್ಟಿದ್ದರು. ಅಣ್ಣ ಬಿಟ್ಟಿರಲಿಲ್ಲ. ಶ್ರಾವಣಕ್ಕೆ ಮುಂಚಿನ ಒಂದು ಭಾನುವಾರ ನಾನು ನಿಂಬರ್ಗಾಕ್ಕೆ ಹೋದಾಗ ಆಳುಗಳು ಹಗೇವು ತೆಗೆಯುತ್ತಿದ್ದರು. ಮೊದಲ ಮಳೆಯ ನೀರು ಒಳಗೆ ಇಳಿದು ತಳದ ಜೋಳ ಹೆಂಟೆಗಟ್ಟಿತ್ತು. ಬುಟ್ಟಿ ಮೇಲೆ ಬಂದು ಸುರಿದಾಗಲೆಲ್ಲ ಬೂದಿಹಸಿರು ಧೂಳು ಹೊಗೆಯ ಹಾಗೆ ಏಳುತ್ತಿತ್ತು.

ವೈನಿ ಪಡಸಾಲೆಯ ಮಂಚದಿಂದ ಎದ್ದು ಅಂಗಳಕ್ಕೆ ಇಳಿದುಬಿಟ್ಟಳು.

"ಏ, ತಳದ ಕಾಳು ಬ್ಯಾರೆ ಹಾಕ್ರಿ! ಎಲ್ಲಾ ಕೂಡಿಸಬ್ಯಾಡ್ರಿ!" ಎಂದು ಕೂಗಿ, ಒಂದು ಹೆಂಟೆ ಎತ್ತಿ ಕೈಯಲ್ಲೇ ಮುರಿದು ಮೂಸಿದಳು. "ನೋಡ ಬೇ, ಹೆಂಗ ಬೂಷ್ಟ ಹಿಡದದ."

"ವೈನಿ, ಬಿಸಲಾಗ ನಿಂದರಬ್ಯಾಡ. ಒಳಗ ಬಾ."

"ಬರ್ತೇನಿ ತಡಿ. ಇವರಿಗೆ ಹೇಳವ್ರ ಯಾರ ಅದಾರ ಇಲ್ಲಿ?"

ನಾನು ಬಿಸಿಲಿನ ಮಾತಾಡಿದೆ. ಧೂಳಿನ ಮಾತಾಡಲಿಲ್ಲ. ಧೂಳು ಎಂದರೆ ರಸ್ತೆಯದು, ಲಾರಿಯದು ಎಂದೇ ನನ್ನ ತಲೆಯಲ್ಲಿತ್ತು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

ಎಂಟೊಂಬತ್ತು ದಿನಕ್ಕೆ ಜ್ವರ ಬಂತು. ಅಣ್ಣ ಅವಳನ್ನು ಆಳಂದಕ್ಕೆ ಕರೆತಂದ. ಒಣಕೆಮ್ಮು, ಉಸಿರೆಳೆದರೆ ಬಲ ಎದೆಯಲ್ಲಿ ಚುಚ್ಚಿದ ಹಾಗೆ ನೋವು. ನಮ್ಮ ಡಾಕ್ಟರು ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು. ಒಂದು ದಿನವೂ ಕಾಯಬೇಡ ಎಂದಿದ್ದ ಮಾತು ಕಿವಿಯಲ್ಲೇ ಇತ್ತು. ಆದರೆ ನ್ಯುಮೋನಿಯಾ ಎಷ್ಟು ಸಲ ನೋಡಿಲ್ಲ ನಾನು? ನಾಲ್ಕು ಇಂಜೆಕ್ಷನ್ನಿಗೆ ಇಳಿಯುತ್ತದೆ ಎಂದು ಅಣ್ಣನಿಗೆ ಧೈರ್ಯ ಹೇಳಿದೆ. ನಾಲ್ಕು ದಿನ ಚುಚ್ಚಿದೆ. ಐದನೆಯ ದಿನ ಬೆಳಿಗ್ಗೆ ಅವಳು ಉಗುಳಿದ ಕಫದಲ್ಲಿ ರಕ್ತದ ಎಳೆ ಕಂಡಿತು.

"ನ್ಯುಮೋನಿಯಾ ಅಂದಿದ್ದಿ," ಎಂದ ಅಣ್ಣ. ಸಿಟ್ಟಿನಿಂದ ಅಲ್ಲ, ಸುಮ್ಮನೆ ಕೇಳಿದ ಹಾಗೆ.

"ನಾ ತಪ್ಪಿದೆ ಅಣ್ಣಾ. ಈಗಿಂದೀಗ ಹೊಂಡೋಣ."

ಗುಲ್ಬರ್ಗಾದವರೆಗೆ ಬಸ್ಸು, ಅಲ್ಲಿಂದ ರೈಲು. ಆ ದಾರಿಯುದ್ದಕ್ಕೂ ನಾನು ಕೂತಿದ್ದು ನೆನಪಿಲ್ಲ. ರೈಲಿನ ಬಾಗಿಲಿನಿಂದ ಅವಳ ಬೆಂಚಿಗೆ, ಬೆಂಚಿನಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಅವಳೇ ಕೊನೆಗೆ, "ಏ, ನಿನ್ನ ನೋಡಿ ನನಗ ತಲಿ ತಿರಗಾಕತ್ತದ, ಕುಂದ್ರು" ಎಂದು ಗದರಿದಳು.

ಹೈದರಾಬಾದಿನಲ್ಲಿ ಎಕ್ಸರೇ ತೆಗೆದರು. ಬಲ ಶ್ವಾಸಕೋಶದಲ್ಲಿ ಎರಡು ದುಂಡನೆಯ ನೆರಳುಗಳಿದ್ದವು. ಮರುದಿನ ಆ ಡಾಕ್ಟರು ನನ್ನನ್ನು ಲ್ಯಾಬಿಗೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡು ಎಂದರು. ಕಫದ ನಡುವೆ ಸಣ್ಣ ಸಣ್ಣ ಎಳೆಗಳು, ಒಣಗಿದ ಗಿಡದ ಟೊಂಗೆಯಂತೆ ಕವಲೊಡೆದಿದ್ದವು. "ಇದು ಬೂಷ್ಟು. ರೊಟ್ಟಿಗೆ ಹಿಡಿಯುವುದು, ಕಾಳಿಗೆ ಹಿಡಿಯುವುದು. ನಮ್ಮ ನಿಮ್ಮ ಎದೆಗೆ ದಿನವೂ ಹೋಗುತ್ತದೆ, ಏನೂ ಆಗುವುದಿಲ್ಲ. ಬಿಳಿಕಣ ಇಲ್ಲದವರ ಎದೆಯಲ್ಲಿ ಬೇರು ಬಿಡುತ್ತದೆ" ಎಂದರು.

ನಾನು ಹಗೇವಿನ ಕಥೆ ಹೇಳಿದೆ. ನಾಲ್ಕು ದಿನದ ಇಂಜೆಕ್ಷನ್ನಿನದನ್ನೂ ಹೇಳಿದೆ. ಅವರು ಎರಡನ್ನೂ ಕೇಸ್ ಶೀಟಿನಲ್ಲಿ ಬರೆದುಕೊಂಡರು.

"ಆ ಧೂಳಿಂದಲೇ ಬಂತೇನ್ರಿ ಮೇಡಂ?"

"ಬಂದಿರಬಹುದು. ನಮ್ಮ ವಾರ್ಡಿನ ಕಿಟಕಿಯಿಂದಲೂ ಬಂದಿರಬಹುದು. ಹೊರಗೆ ಗೋಡೆ ಒಡೆಯುತ್ತಿದ್ದಾರೆ, ನೋಡಿದ್ದೀಯಲ್ಲ. ಯಾವುದೆಂದು ನಾನೂ ಹೇಳಲಾರೆ, ನೀನೂ ಹೇಳಲಾರೆ. ಆ ನಾಲ್ಕು ದಿನ ಮಾತ್ರ ವ್ಯರ್ಥವಾಗಿ ಹೋಗಬಾರದಿತ್ತು."

ಹಗೇವಿನ ತಪ್ಪು ನನ್ನದು ಎಂದು ಅವರು ಖಚಿತವಾಗಿ ಹೇಳಿದ್ದರೆ ಅದನ್ನು ಹೊತ್ತು ನಡೆಯುತ್ತಿದ್ದೆ. ಅಲ್ಲ ಎಂದಿದ್ದರೆ ಇಳಿಸುತ್ತಿದ್ದೆ. ಎರಡೂ ಆಗಲಿಲ್ಲ.

ಔಷಧಿಯ ಹೆಸರು ಆಂಫೊಟೆರಿಸಿನ್. ಹಳದಿ ಪುಡಿ, ಸಣ್ಣ ಸೀಸೆಯಲ್ಲಿ. ಆಗ ಬೇರೆ ದಾರಿ ಇದ್ದಿಲ್ಲ. ಅದು ಬೂಷ್ಟನ್ನು ಕೊಲ್ಲುತ್ತಿತ್ತು, ಜೊತೆಗೆ ರೋಗಿಯನ್ನೂ ಹಿಂಡುತ್ತಿತ್ತು. ಹನಿಯಲು ಶುರುವಾಗಿ ಗಂಟೆಯೊಳಗೆ ಮೈ ಗಡಗಡ ನಡುಗುವುದು, ಜ್ವರ, ವಾಂತಿ. ದಿನ ಕಳೆದಂತೆ ಮೂತ್ರಪಿಂಡಕ್ಕೆ ಪೆಟ್ಟು. ಮೂರು ವಾರ ಅಲ್ಲೇ ಕೊಟ್ಟರು. ಬಿಳಿಕಣ ಏರಿದವು. ಎಲ್ಲರೂ ಖುಷಿಪಡುವ ಹೊತ್ತಿಗೆ ವೈನಿ ಒಂದು ಮಧ್ಯಾಹ್ನ ಅರ್ಧ ಬಟ್ಟಲು ರಕ್ತ ಕೆಮ್ಮಿದಳು. ಕಣಗಳು ಏರುವಾಗಲೇ ಒಳಗಿನ ಗಾಯ ಸಡಿಲಾಗಿ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿ, ಎರಡು ದಿನ ಅವಳನ್ನು ಬಲ ಮಗ್ಗುಲಿಗೇ ಮಲಗಿಸಿದರು. ರಕ್ತ ನಿಂತಿತು. ಇನ್ನು ಆರು ವಾರ ದಿನ ಬಿಟ್ಟು ದಿನ ಔಷಧಿ ಬೇಕು, ಆಳಂದದಲ್ಲಿ ಕೊಡಬಲ್ಲೆಯಾ ಎಂದು ನನ್ನನ್ನೇ ಕೇಳಿದರು. ಎಡವಿದವಳ ಕೈಗೇ ಕೊಡುತ್ತಿದ್ದಾರಲ್ಲ ಅನಿಸಿತು. ಕೊಡುತ್ತೇನೆ ಎಂದೆ. ಎರಡು ಪುಟ ಸೂಚನೆ ಬರೆದುಕೊಟ್ಟರು.

ನಮ್ಮ ದವಾಖಾನೆಯ ಡಾಕ್ಟರು ಆ ಎರಡು ಪುಟ ಎರಡು ಸಲ ಓದಿದರು. "ಈ ದವಾ ನಾ ಒಮ್ಮೀನೂ ಕೊಟ್ಟಿಲ್ಲವ್ವಾ. ನೀ ಬಾಜೂಕ ಕುಂತು ನೋಡ್ತಿ ಅಂದ್ರ ಮಾಡೋಣು."

"ಕುಂದ್ರತೇನ್ರಿ ಸರ್."

ವೈನಿಗೆ ಅಲ್ಲೇ ಔಷಧಿ ಕೊಡಲೆಂದು ನನ್ನ ಬಾಡಿಗೆ ಮನೆಯ ಒಂದು ಕೋಣೆ ಖಾಲಿ ಮಾಡಿದೆ. ಜೋಳದ ಚೀಲ, ಹತ್ತಿಯ ಹಳೇ ಗಾದಿ, ಕಿಟಕಿಯ ತುಳಸಿ ಕುಂಡ ಎಲ್ಲ ಹೊರಗೆ ಹೋದವು. ಕಸಬರಿಗೆ ಬಿಟ್ಟು ಒದ್ದೆ ಅರಿವೆಯಲ್ಲೇ ನೆಲ ಒರೆಸುತ್ತಿದ್ದೆ. ಒಣರೊಟ್ಟಿ, ಡಬ್ಬಿಯ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಬಂದ್ ಮಾಡಿದೆ, ಬಿಸಿ ಬಿಸಿ ಮಾಡಿದ್ದನ್ನೇ ಹಾಕುತ್ತಿದ್ದೆ. ವೈನಿ ದಿನಕ್ಕೆ ಹತ್ತು ಸಲ ಏಳುವಳು. ನಾನು ಕೂರಿಸುವೆ. ನನಗೇ ಕೂರಲು ಬರುತ್ತಿರಲಿಲ್ಲ, ಅದು ಬೇರೆ ಮಾತು.

ಔಷಧಿಯ ಸೀಸೆಗಳು ತಣ್ಣಗಿರಬೇಕು. ದವಾಖಾನೆಯ ಫ್ರಿಜ್ಜಿಗೆ ಕರೆಂಟಿನ ಭರವಸೆ ಇದ್ದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಐಸ್ ಕ್ಯಾಂಡಿ ಮಾಡುವ ಮುದುಕರೊಬ್ಬರಿದ್ದರು, ಎಲ್ಲರೂ ಚಾಚಾ ಅನ್ನುತ್ತಿದ್ದರು. ಬೆಳಿಗ್ಗೆ ಅಗಲ ಬಾಯಿಯ ಥರ್ಮಾಸ್ ಹಿಡಿದು ಐಸಿಗಾಗಿ ಅವರ ಹತ್ತಿರ ಓಡುತ್ತಿದ್ದೆ.

"ಬರ್ಫ ತಯಾರ ಅದ ನೋಡ್ರಿ ಸಿಸ್ಟರ್. ಇವತ್ತ ಬಿಸಲ ಭಾಳ ಅದ, ಥೋಡಾ ಜಾಸ್ತಿ ಹಾಕೇನಿ," ಎನ್ನುವರು. ಮತ್ತೆ ತಪ್ಪದೆ, "ನಿಮ್ಮ ಭಾಭಿ ತಬಿಯತ್ ಹೆಂಗದರಿ?" ಎಂದು ಕೇಳುವರು.

"ಹಂಗ ಅದರಿ ಚಾಚಾ."

"ಹಂಗ ಇರೋದೂ ಛಲೋನ," ಎಂದು ಥರ್ಮಾಸಿನ ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಡುವರು.

ಕೊಡುವ ಕ್ರಮ ಹೀಗಿತ್ತು. ಮೂತ್ರಪಿಂಡ ಕಾಯಲು ಮೊದಲು ಒಂದು ಬಾಟಲಿ ಉಪ್ಪುನೀರಿನ ಸಲೈನ್. ಅದು ಮುಗಿದ ಮೇಲೆ ನಳಿಕೆಯನ್ನು ಗ್ಲೂಕೋಸಿನಿಂದ ತೊಳೆದು, ಗ್ಲೂಕೋಸಿನಲ್ಲೇ ಕಲಸಿದ ಔಷಧಿ. ಸಲೈನಿನಲ್ಲಿ ಅದು ಬೀಳಲೇಕೂಡದು, ಒಡೆದುಹೋಗುತ್ತದೆ. ಬೆಳಕು ತಾಗದಂತೆ ಬಾಟಲಿಗೆ ಎಕ್ಸರೇ ಫಿಲಮಿನ ಕರಿ ಕಾಗದ ಸುತ್ತುತ್ತಿದ್ದೆ. ಐದಾರು ತಾಸು ಹನಿ ಹನಿಯಾಗಿ ಇಳಿಯಬೇಕು.

ಮುಕ್ಕಾಲು ತಾಸಿಗೆ ನಡುಕ ಶುರು. ಮೊದಲು ದವಡೆ, ಆಮೇಲೆ ಭುಜ, ಆಮೇಲೆ ಮಂಚವೇ ಅಲುಗಾಡುವುದು. ಎರಡು ಕಂಬಳಿ ಹೊದಿಸಿ ಅವಳ ಮೇಲೆ ಒರಗಿ ಹಿಡಿದುಕೊಳ್ಳುತ್ತಿದ್ದೆ.

"ನಿಲ್ಲಸ್ಲೇನ ವೈನಿ?"

"ನಿಲ್ಲಿಸಿದ್ರ... ನಾಳಿ ಮತ್ತ ಮೊದಲಿಂದ... ಊಂಹೂಂ. ಹೋಗ್ಲಿ. ಗಟ್ಟಿ ಹಿಡಿ ಬೇ."

ನಡುಕ ಇಳಿಯುವ ಇಂಜೆಕ್ಷನ್ ಕೊಟ್ಟ ಮೇಲೆ ಅವಳು ಬೆವರಿ ನಿದ್ದೆ ಹೋಗುವಳು. ನಾನು ಎದ್ದು ಹನಿ ಎಣಿಸುವೆ, ನಾಡಿ ನೋಡುವೆ, ಬಾಗಿಲಿಗೆ ಹೋಗುವೆ, ಮತ್ತೆ ಹನಿ ಎಣಿಸುವೆ. ಅವಳ ಕೈಯ ನರಗಳು ಒಂದೊಂದಾಗಿ ಗಟ್ಟಿಯಾಗಿ ಹಗ್ಗದಂತಾದವು. ನಾಲ್ಕನೆಯ ವಾರಕ್ಕೆ ಸೂಜಿ ಚುಚ್ಚಲು ಪಾದಕ್ಕೆ ಹೋಗಬೇಕಾಯಿತು.

ಆ ವಾರದಲ್ಲೇ ನಾನು ಎರಡನೆಯ ತಪ್ಪು ಮಾಡಿದೆ. ಬೆಳಗಿನಿಂದ ಹೆರಿಗೆ ಕೇಸೊಂದು ಕಾಡಿಸಿತ್ತು. ಅಲ್ಲಿಂದ ಓಡಿಬಂದು, ಮೇಜಿನ ಮೇಲಿದ್ದ ಬಾಟಲಿಗೆ ಔಷಧಿ ಸೇರಿಸಿದೆ. ಕರಿ ಕಾಗದ ಸುತ್ತಲು ಎತ್ತಿದರೆ ಒಳಗೆ ಮಜ್ಜಿಗೆಯ ಹಾಗೆ ಬೆಳ್ಳಗೆ ಕದಡಿತ್ತು. ಲೇಬಲ್ ನೋಡಿದೆ. ಸಲೈನ್. ಎರಡೂ ಬಾಟಲಿಗಳನ್ನು ನಾನೇ ಅಕ್ಕಪಕ್ಕ ಇಟ್ಟಿದ್ದೆ. ಮೊದಲೇ ಕಾಗದ ಸುತ್ತಿ ಆಮೇಲೆ ಔಷಧಿ ಸೇರಿಸಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ, ಅದು ಹಾಗೇ ಅವಳ ಮೈಗೆ ಇಳಿಯುತ್ತಿತ್ತು.

ಬಾಟಲಿಯನ್ನು ಮೋರಿಗೆ ಸುರಿದೆ. ಅದು ಕೊನೆಯ ಸೀಸೆಯಾಗಿತ್ತು. ವೈನಿ ಮಲಗಿದಲ್ಲಿಂದಲೇ ನೋಡುತ್ತಿದ್ದಳು.

"ಯಾಕ ಚೆಲ್ಲಿದಿ?"

ಸುಳ್ಳು ಹೇಳಬಹುದಿತ್ತು. ಔಷಧಿ ಕೆಟ್ಟಿತ್ತು ಎಂದರೆ ನಂಬುತ್ತಿದ್ದಳು.

"ಬ್ಯಾರೆ ನೀರಿನಾಗ ಕಲಸಿದೆ ವೈನಿ. ಹಂಗ ಹಾಕಿದ್ರ ನಿನ್ನ ಜೀವಕ್ಕ ಬರ್ತಿತ್ತು."

"ಹಾಕಿಲ್ಲಲ್ಲ?"

"ಇಲ್ಲ."

"ಮತ್ಯಾಕ ಅಳತಿ? ಮೊದಲ ಏನರ ತಿನ್ನು. ಮುಂಜಾನಿಂದ ಬರೇ ಚಾದ ಮ್ಯಾಲ ಅದಿ."

ಡಾಕ್ಟರಿಗೂ ಹೇಳಿದೆ. ಅವರು ಬೈದರು, ಚೆನ್ನಾಗಿಯೇ ಬೈದರು. ಆಮೇಲೆ ಗುಲ್ಬರ್ಗಾದ ಔಷಧಿ ಅಂಗಡಿಗೆ ಫೋನು ಹಚ್ಚಿದರು. ಮರುದಿನ ಅಲ್ಲಿಗೆ ಹೋಗಿ ಬರ್ಫದ ಥರ್ಮಾಸಿನಲ್ಲಿ ಸೀಸೆಗಳನ್ನಿಟ್ಟು, ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಅಂದಿನಿಂದ ಸಲೈನ್ ಒಂದು ಕೋಣೆಯಲ್ಲಿ, ಗ್ಲೂಕೋಸು ಇನ್ನೊಂದರಲ್ಲಿ. ಕಲಸುವ ಮೊದಲು ಲೇಬಲ್ಲನ್ನು ಬಾಯಿಬಿಟ್ಟು ಓದುತ್ತಿದ್ದೆ. ವೈನಿ ಅಲ್ಲಿಂದಲೇ, "ಇನ್ನೊಮ್ಮಿ ಓದು" ಎನ್ನುತ್ತಿದ್ದಳು.

ಐದನೆಯ ವಾರ ಅವಳ ಕಾಲುಗಳಲ್ಲಿ ಬಲವೇ ಇಲ್ಲದಂತಾಯಿತು, ಮೀನಖಂಡ ಸೆಟೆದುಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಗುಲ್ಬರ್ಗಾಕ್ಕೆ ಕಳಿಸುತ್ತಿದ್ದ ರಕ್ತದ ವರದಿಯಲ್ಲಿ ಪೊಟ್ಯಾಶಿಯಂ ಬಹಳ ಕೆಳಗಿಳಿದಿತ್ತು. ಡಾಕ್ಟರು ಎರಡು ಸಲದ ಔಷಧಿ ತಡೆಹಿಡಿದು ಪೊಟ್ಯಾಶಿಯಂ ಸಿರಪ್ ಬರೆದರು. ಅದರ ರುಚಿಗಿಂತ ನಡುಕವೇ ವಾಸಿ ಎಂದು ವೈನಿ ಹೇಳುತ್ತಿದ್ದಳು. ಅಣ್ಣ ಎಲ್ಲಿಂದಲೋ ಎಳನೀರು ಹೊತ್ತು ತರುತ್ತಿದ್ದ. ತಂದು, ಹೊಸ್ತಿಲ ಹೊರಗೆ ನಿಂತು, ಮೈಮೇಲಿನ ಧೂಳು ಝಾಡಿಸಿಕೊಂಡು, ಕೈಕಾಲು ತೊಳೆದು ಒಳಗೆ ಬರುತ್ತಿದ್ದ. ಹಗೇವಿಗೆ ಬಾಯಿತನಕ ಮಣ್ಣು ತುಂಬಿಸಿ ಖಾಯಂ ಮುಚ್ಚಿಬಿಟ್ಟೆ ಎಂದು ಒಂದು ದಿನ ಹೇಳಿದ.

ಆರು ವಾರವೆಂದದ್ದು ಏಳಾಯಿತು. ಹೈದರಾಬಾದಿನ ಎಕ್ಸರೇಯಲ್ಲಿ ಎರಡು ನೆರಳಿನಲ್ಲಿ ಒಂದು ಇದ್ದಿಲ್ಲ. ಇನ್ನೊಂದು ಹುಣಸೆ ಬೀಜದಷ್ಟಾಗಿತ್ತು. ನಾನು ಖುಷಿಪಡಲು ಬಾಯಿ ತೆಗೆಯುವಷ್ಟರಲ್ಲಿ ಡಾಕ್ಟರು ಮುಂದಿನದನ್ನು ಹೇಳಿದರು. ಕ್ಯಾನ್ಸರಿನ ಮೂರನೆಯ ಸುತ್ತು ಬಾಕಿ ಇದೆ. ಕೊಡದಿದ್ದರೆ ರಕ್ತದ ರೋಗ ತಿರುಗಿ ಬರಬಹುದು. ಕೊಟ್ಟರೆ ಬಿಳಿಕಣ ಮತ್ತೆ ಇಳಿದು ಆ ಬೀಜದಷ್ಟರೊಳಗೆ ಮಲಗಿರುವ ಬೂಷ್ಟು ಏಳಬಹುದು.

ಅಣ್ಣ ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ವೈನಿ ಹಿಂದಿಯಲ್ಲಿ ಹೇಳು ಎಂದು ನನ್ನನ್ನು ತಿವಿದು, "ಮೇಡಮ್ಮಿಗೆ ಕೇಳು. ಅವರ ಮನಿ ಹೆಣ್ಣಮಗಳಾಗಿದ್ರ ಏನ ಮಾಡ್ತಿದ್ರು?" ಅಂದಳು.

ಡಾಕ್ಟರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಕೊಡಿಸುತ್ತಿದ್ದೆ. ಜೊತೆಗೆ ಬೂಷ್ಟಿನ ಔಷಧಿಯನ್ನೂ ಮೊದಲ ದಿನದಿಂದಲೇ ಕೊಡಿಸುತ್ತಿದ್ದೆ. ಕಣ ಏರುವತನಕ ಮನೆಗೆ ಕಳಿಸುತ್ತಿರಲಿಲ್ಲ."

"ಹಂಗಾರ ಕೊಡ್ರಿ," ಅಂದಳು ವೈನಿ. ಕನ್ನಡದಲ್ಲೇ. ಡಾಕ್ಟರಿಗೆ ಅನುವಾದ ಬೇಕಾಗಲಿಲ್ಲ.

ಆ ಸುತ್ತಿಗೆ ನಾನು ರಜೆ ಹಾಕಿ ಅವಳ ಜೊತೆಗಿದ್ದೆ. ಮೂಲೆಯ ಕೋಣೆ, ಮುಚ್ಚಿದ ಕಿಟಕಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ. ಆರು ದಿನ ಜ್ವರ ಬಂತು. ದಿನಾ ಬೆಳಿಗ್ಗೆ ಎಕ್ಸರೇ ಕೋಣೆಯ ಮುಂದೆ ನಿಂತು, ಫಿಲಂ ಒಣಗುವ ಮೊದಲೇ ತೋರಿಸಿ ಎಂದು ಪೀಡಿಸುತ್ತಿದ್ದೆ. ಹುಣಸೆ ಬೀಜ ಅಷ್ಟೇ ಇತ್ತು. ಏಳನೆಯ ದಿನ ಜ್ವರ ಬಿಟ್ಟಿತು. ಹದಿನೆಂಟನೆಯ ದಿನ ಕಣ ಏರಲು ಶುರುವಾದವು. ಅಷ್ಟು ಸಾಕು, ಇನ್ನು ಮುಂದಿನ ಸುತ್ತು ಕೊಡುವುದಿಲ್ಲ ಎಂದರು ಡಾಕ್ಟರು.

ಸಾಕು ಎಂದದ್ದು ಸಾಕೋ ಇಲ್ಲವೋ ಎಂದು ಗೊತ್ತಾಗಲು ವರ್ಷಗಳು ಬೇಕಾಗಿದ್ದವು. ಮೊದಲು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ವರದಿ ಬರುವ ದಿನ ಅಣ್ಣ ಹೊಲಕ್ಕೆ ಹೋಗುತ್ತಿರಲಿಲ್ಲ, ವೈನಿ ಮಾತ್ರ ಹೋಗುತ್ತಿದ್ದಳು. ನಡುವೆ ನನಗೆ ಸರ್ಕಾರಿ ಕೆಲಸ ಸಿಕ್ಕಿ ಮೊದಲು ಜೇವರ್ಗಿಗೆ, ನಂತರ ಅಫಜಲಪುರಕ್ಕೆ ಹೋದೆ. ಜೇವರ್ಗಿಯಲ್ಲಿದ್ದಾಗ ಅಂದೋಲಾದ ಒಬ್ಬರು, ಹೈದರಾಬಾದಿನಲ್ಲಿ ಇದೇ ಚಿಕಿತ್ಸೆ ಪಡೆಯುತ್ತಿದ್ದ ಮಗಳಿಗೆ ಜ್ವರವೆಂದು ಬಂದರು. ಅವರಿಗೆ ಕೂತು ನೀರು ಕುಡಿಯಲೂ ಬಿಡದೆ ಅದೇ ಮಧ್ಯಾಹ್ನದ ಬಸ್ಸು ಹತ್ತಿಸಿದೆ. ಅದು ಸಾಮಾನ್ಯ ಜ್ವರವಾಗಿತ್ತಂತೆ. ಸುಮ್ಮನೆ ಓಡಿಸಿದಿರಿ ಎಂದು ಅವರು ಆಮೇಲೆ ಸ್ವಲ್ಪ ಮುನಿಸಿಕೊಂಡರು.

ಐದನೆಯ ವರ್ಷ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದು ಹೈದರಾಬಾದಿನಿಂದ ಹೇಳಿದ ಮೇಲೆ ವೈನಿ ಅಫಜಲಪುರಕ್ಕೆ ನನ್ನ ಮನೆಗೆ ಬಂದು ಎಂಟು ದಿನ ಇದ್ದಳು. ಕೂದಲು ಮೊದಲಿಗಿಂತ ದಟ್ಟವಾಗಿ, ಸ್ವಲ್ಪ ಗುಂಗುರಾಗಿ ಬೆಳೆದಿತ್ತು. ಒಂದು ಮಧ್ಯಾಹ್ನ ನಾನು ಆಸ್ಪತ್ರೆಯಿಂದ ಬಂದಾಗ ಪಡಸಾಲೆಯಲ್ಲಿ ಕೂತು ಎಲೆ ಬಿಡಿಸಿ ಮೆಂತ್ಯಪಲ್ಯ ಸೋಸುತ್ತಿದ್ದಳು. ಎರಡು ಸಲ ಕೆಮ್ಮಿದಳು. ನಾನು ಚಪ್ಪಲಿ ಬಿಡುವುದನ್ನು ಮರೆತು ಒಳಗೆ ನುಗ್ಗಿ ಥರ್ಮಾಮೀಟರ್ ತಂದೆ.

"ನೆಗಡಿ ಬೇ. ನಿನ್ನಿ ಬಸ್ಸಿನಾಗ ಗಾಳಿಗಿ ಕುಂತಿದ್ದೆ."

"ಬಾಯಿ ತೆಗಿ."

"ಸಾಯೂತನಕ ಬಿಡಂಗಿಲ್ಲ ನೋಡು ನೀ," ಎಂದು ಬೈದುಕೊಂಡೇ ಬಾಯಿ ತೆಗೆದಳು. ಮಾತಾಡಲು ಆಗದ್ದರಿಂದ ಎರಡು ನಿಮಿಷ ನನ್ನನ್ನೇ ದಿಟ್ಟಿಸುತ್ತ, ಕೈಯಲ್ಲಿ ಪಲ್ಯ ಸೋಸುತ್ತಲೇ ಇದ್ದಳು.

ತೊಂಬತ್ತೆಂಟೂವರೆ. ಸರಿಯಾಗಿಯೇ ಇತ್ತು. ಆದರೂ ಸಂಜೆಯೊಳಗೆ ಇನ್ನೆರಡು ಸಲ ನೋಡಿದೆ.